ಅಮ್ಮನ ಮಾತ್ರೆಯ ಹೆಸರು ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮ್ಮ ತಾಯಿ 11 ವರ್ಷದಿಂದ, ಮನಸ್ಸಿನ ವಿಪರೀತ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಜಿಲ್ಲಾ ಕೇಂದ್ರದ ಮನೋವೈದ್ಯರಲ್ಲಿ ತೋರಿಸುತ್ತೀರಿ, ಮನೆಯ ನಾಲ್ವರನ್ನು ಬಿಟ್ಟರೆ ಯಾರಿಗೂ ತಿಳಿಯದು. ಈಗ ಮೊಣಕಾಲು ನೋವು, ಅದರ ಜೊತೆಗೆ ಬಿಪಿ. ಊರಿನ ಡಾಕ್ಟರು ದೂರದ ನೆಂಟರು, ಅವರ ಕ್ಲಿನಿಕ್ಕಿನ ಕೆಳಗಿನ ಮೆಡಿಕಲ್ ಸ್ಟೋರಿನ ಹುಡುಗ ನಿಮ್ಮ ಬೀದಿಯವನೇ. ತಂಗಿಗೆ ಗಂಡು ನೋಡುತ್ತಿದ್ದೀರಿ. "ಹೇಳಿದರೆ ಸಂಬಂಧ ಮುರಿಯುತ್ತದೆ, ಹೇಳದಿದ್ದರೆ ಮಾತ್ರೆಗೆ ಮಾತ್ರೆ ಆಗಿಬರದೆ ಅಮ್ಮನಿಗೆ ಅಪಾಯ ಅನ್ನುತ್ತಾರೆ, ಏನು ಮಾಡಲಿ" ಎಂದು ಕೇಳಿದ್ದೀರಿ.

ನಾನು ಫಾರ್ಮಸಿಸ್ಟ್. ಆರು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳ ಮಾತ್ರೆ ಪಟ್ಟಿ ಪರಿಶೀಲಿಸುವ ಕೆಲಸ ಮಾಡಿದೆ. ಆಮೇಲೆ 14 ವರ್ಷದಿಂದ ಒಂದು ತಾಲ್ಲೂಕು ಕೇಂದ್ರದಲ್ಲಿ ಸ್ವಂತ ಮೆಡಿಕಲ್ ಸ್ಟೋರ್ ನಡೆಸುತ್ತಿದ್ದೇನೆ. ನಿಮ್ಮಂಥ ಮನೆಯವರು ನನ್ನ ಕೌಂಟರಿನ ಮುಂದೆ ಚೀಟಿಯನ್ನು ಅರ್ಧ ಮಡಚಿ ಹಿಡಿದು ನಿಂತಿದ್ದನ್ನು ಬಹಳ ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಇವತ್ತೇ ತಿಳಿಯಬೇಕಾದದ್ದು. ಲಿಥಿಯಂ ಒಂದು ಲವಣ. ಅದನ್ನು ದೇಹದಿಂದ ಹೊರಹಾಕುವುದು ಮೂತ್ರಪಿಂಡ, ಮತ್ತು ಮೂತ್ರಪಿಂಡ ಅದನ್ನು ಹೆಚ್ಚುಕಡಿಮೆ ನಾವು ತಿನ್ನುವ ಉಪ್ಪಿನ ಹಾಗೆಯೇ ನಡೆಸಿಕೊಳ್ಳುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್, ಎಟೊರಿಕಾಕ್ಸಿಬ್ ಮೊದಲಾದ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ, ಆಗ ಲಿಥಿಯಂ ಹೊರಗೆ ಹೋಗದೆ ರಕ್ತದಲ್ಲಿ ಏರುತ್ತದೆ. ಕಾಂಬಿಫ್ಲಾಮ್‌ನಲ್ಲಿ ಇರುವುದು ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎಂದು ಎಷ್ಟೋ ಜನರಿಗೆ ಗೊತ್ತಿಲ್ಲ, ಜ್ವರದ ಮಾತ್ರೆ ಎಂದುಕೊಂಡು ನುಂಗುತ್ತಾರೆ. ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್ ಎಂಬ ನೀರಿಳಿಸುವ ಮಾತ್ರೆಗಳೂ, ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್ ಗುಂಪಿನವೂ ಲಿಥಿಯಂ ಏರಿಸುತ್ತವೆ. ಸ್ಟ್ರಿಪ್ಪಿನ ಹೆಸರಿನ ಕೊನೆಯಲ್ಲಿ 'ಎಚ್' ಅಕ್ಷರ ಇದ್ದರೆ ಸಾಮಾನ್ಯವಾಗಿ ನೀರಿಳಿಸುವ ಔಷಧ ಸೇರಿದೆ ಎಂದು ಅರ್ಥ. ಆಮ್ಲೋಡಿಪಿನ್ ಲಿಥಿಯಂ ಮಟ್ಟವನ್ನು ಹಾಗೆ ಏರಿಸುವುದಿಲ್ಲ, ನೋವಿಗೆ ಪ್ಯಾರಾಸಿಟಮಾಲೂ ಹಾಗೆಯೇ. ಯಾವುದು ನಿಮ್ಮ ತಾಯಿಗೆ ಸರಿ ಎಂಬುದನ್ನು ಮಾತ್ರ ಡಾಕ್ಟರೇ ತೀರ್ಮಾನಿಸಬೇಕು.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಬಿಪಿ ಎಂದು ಕೇಳಿದ ಕೂಡಲೇ ಮನೆಯಲ್ಲಿ ಉಪ್ಪು ಬಿಡಿಸುತ್ತಾರೆ. ಲಿಥಿಯಂ ತೆಗೆದುಕೊಳ್ಳುವವರು ಉಪ್ಪನ್ನು ಒಮ್ಮೆಲೇ ಬಿಡಬಾರದು. ದೇಹಕ್ಕೆ ಸೋಡಿಯಂ ಕಡಿಮೆ ಬಿದ್ದರೆ ಮೂತ್ರಪಿಂಡ ಅದರ ಜೊತೆಗೆ ಲಿಥಿಯಮ್ಮನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಏಕಾದಶಿಗೆ ನೀರೂ ಮುಟ್ಟದ ಉಪವಾಸ, ಬೇಸಿಗೆಯ ವಾಂತಿಭೇದಿ, ಇವೂ ಅಪಾಯವೇ. ಕೈ ಜೋರಾಗಿ ನಡುಗುವುದು, ನಡೆಯುವಾಗ ವಾಲುವುದು, ಮಾತು ತೊದಲುವುದು, ವಾಂತಿ, ಭೇದಿ, ವಿಪರೀತ ಮಂಪರು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ, ಮುಂದಿನ ಡೋಸಿಗಿಂತ ಮೊದಲು ಡಾಕ್ಟರನ್ನು ಕೇಳಿ. ಹಾಗೇನೂ ಇಲ್ಲದಿದ್ದಾಗ ಹೆದರಿ ಲಿಥಿಯಮ್ಮನ್ನು ನೀವೇ ನಿಲ್ಲಿಸಬೇಡಿ, ಏಕಾಏಕಿ ನಿಂತರೆ ಕಾಯಿಲೆ ಮರುಕಳಿಸಬಹುದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ನೀವು ಎರಡೇ ದಾರಿ ನೋಡುತ್ತಿದ್ದೀರಿ: ಎಲ್ಲ ಹೇಳುವುದು, ಇಲ್ಲವೇ ಎಲ್ಲ ಮುಚ್ಚುವುದು. ನಾನು ಕೌಂಟರಿನಲ್ಲಿ ಕಲಿತದ್ದು, ಇವೆರಡರ ನಡುವೆ ಸಾಕಷ್ಟು ಜಾಗ ಇದೆ ಎಂದು. ಅದನ್ನು ಕಲಿತದ್ದು ಒಂದು ತಪ್ಪಿನಿಂದ.

ಊರು, ವರ್ಷ ಬದಲಿಸಿ ಹೇಳುತ್ತೇನೆ. ಒಬ್ಬ ಹೆಣ್ಣುಮಗಳು ಅತ್ತೆಯ ಜೊತೆ ಬಂದು ಟಿಬಿ ಮಾತ್ರೆಯ ಚೀಟಿ ಕೊಟ್ಟಳು. ಕಂಕುಳಲ್ಲಿ ಎರಡು ವರ್ಷದ ಮಗು. ಚೀಟಿಯಲ್ಲಿ ರಿಫಾಂಪಿಸಿನ್ ಇತ್ತು. ಅದು ಲಿವರಿನ ಕಿಣ್ವಗಳನ್ನು ಚುರುಕು ಮಾಡಿ ಬೇರೆ ಹಲವು ಔಷಧಗಳನ್ನು ಬೇಗ ಕರಗಿಸಿಬಿಡುತ್ತದೆ, ಗರ್ಭನಿರೋಧಕ ಮಾತ್ರೆ ಅದರಲ್ಲೊಂದು. ಕೌಂಟರಿನ ಮುಂದೆ ಐದಾರು ಜನ ಇದ್ದರು. ನಾನು ಪುಸ್ತಕದಲ್ಲಿ ಓದಿದ್ದಂತೆ ಕೇಳಿದೆ: "ಮಕ್ಕಳಾಗದ ಹಾಗೆ ಏನಾದರೂ ಮಾತ್ರೆ ತಗೋತಾ ಇದ್ದೀಯೇನಮ್ಮ?" ಅವಳು ಅತ್ತೆಯ ಮುಖ ನೋಡಿ "ಇಲ್ಲಣ್ಣ" ಅಂದಳು. ಕೇಳಬೇಕಾದ್ದನ್ನು ಕೇಳಿದೆ ಎಂದುಕೊಂಡು ಮಾತ್ರೆ ಕಟ್ಟಿಕೊಟ್ಟೆ. ನಾಲ್ಕು ತಿಂಗಳ ಮೇಲೆ ಅವಳು ಒಬ್ಬಳೇ ಬಂದಳು. ಆಶಾ ಕಾರ್ಯಕರ್ತೆ ಕೊಟ್ಟ ಮಾಲಾ-ಎನ್ ಸ್ಟ್ರಿಪ್ಪನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು ದಿನವೂ ತಪ್ಪದೆ ನುಂಗಿದ್ದಳು. ಆದರೂ ಬಸುರಿ. "ನಾನು ಒಂದು ದಿನಾನೂ ಮರೆತಿಲ್ಲಣ್ಣ, ಯಾಕೆ ಹೀಗಾಯ್ತು?" ಎಂದು ಕೇಳಿದಳು. ಉತ್ತರ ನನಗೆ ಗೊತ್ತಿತ್ತು, ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ.

ಅವಳು ಸುಳ್ಳು ಹೇಳಿದಳು ಎನ್ನುವುದಕ್ಕಿಂತ, ಸುಳ್ಳು ಹೇಳದೆ ಬೇರೆ ಗತಿಯಿಲ್ಲದ ಕಡೆ ನಿಲ್ಲಿಸಿ ನಾನು ಕೇಳಿದೆ. ಯಾಕೆ ಕೇಳಬೇಕಿತ್ತು? ನಾನೇ ಹೇಳಿದ್ದರೆ ಸಾಕಿತ್ತು. ಇವತ್ತು ರಿಫಾಂಪಿಸಿನ್ ಚೀಟಿ ಹಿಡಿದು ಬರುವ ಪ್ರತಿಯೊಬ್ಬರಿಗೂ, ಗಂಡಸಾಗಲಿ, ಅಜ್ಜಿಯಾಗಲಿ, ಒಂದೇ ಮಾತು ಹೇಳುತ್ತೇನೆ: "ಮೂತ್ರ ಕಿತ್ತಳೆ ಬಣ್ಣ ಬರುತ್ತೆ, ಹೆದರಬೇಡಿ. ಈ ಮಾತ್ರೆ ಗರ್ಭನಿರೋಧಕ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಕೆಲವು ಶುಗರ್ ಮಾತ್ರೆಗಳ ಶಕ್ತಿ ಕಡಿಮೆ ಮಾಡುತ್ತೆ. ಎಲ್ಲರಿಗೂ ಇದನ್ನೇ ಹೇಳ್ತೀನಿ, ಈ ಚೀಟೀಲಿ ನನ್ನ ನಂಬರ್ ಇದೆ." ಯಾರ ಮುಂದೆಯೂ ಯಾರೂ ಏನನ್ನೂ ಒಪ್ಪಿಕೊಳ್ಳಬೇಕಿಲ್ಲ. ಎಚ್ಚರಿಕೆ ನಮ್ಮ ಕಡೆಯಿಂದ ಅವರ ಕಿವಿಗೆ ಹೋಗುತ್ತದೆ, ಅವರ ಗುಟ್ಟು ಅವರಲ್ಲೇ ಉಳಿಯುತ್ತದೆ. ಮರುದಿನ ಫೋನ್ ಮಾಡಿ ಕೇಳುವವರು ಇದ್ದೇ ಇರುತ್ತಾರೆ.

ಗಂಡಸರ ಲೈಂಗಿಕ ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್ ಮಾತ್ರೆಯ ವಿಷಯದಲ್ಲೂ ಇದನ್ನೇ ಮಾಡುತ್ತೇನೆ. ಅದನ್ನು ತೆಗೆದುಕೊಂಡ 24 ಗಂಟೆಯೊಳಗೆ, ಅದೇ ಜಾತಿಯ ಟಡಲಾಫಿಲ್ ಆದರೆ 48 ಗಂಟೆಯೊಳಗೆ, ಎದೆನೋವಿಗೆ ನಾಲಗೆಯ ಕೆಳಗೆ ಸಾರ್ಬಿಟ್ರೇಟ್ ಇಟ್ಟರೆ ಬಿಪಿ ಪಾತಾಳಕ್ಕೆ ಇಳಿದು ಜೀವಕ್ಕೇ ಅಪಾಯ. ನಮ್ಮ ಕಡೆ ಸಾರ್ಬಿಟ್ರೇಟ್ ಎಷ್ಟೋ ಮನೆಯ ದೇವರ ಕೋಣೆಯ ಡಬ್ಬಿಯಲ್ಲಿ ಇರುತ್ತದೆ, ಎದೆ ಹಿಡಿದುಕೊಂಡರೆ ಪಕ್ಕದ ಮನೆಯವರೇ ತಂದು ಬಾಯಿಗೆ ಹಾಕುತ್ತಾರೆ. ಹೆಂಡತಿ ಮಕ್ಕಳು ಸುತ್ತ ನಿಂತಿರುವಾಗ ಯಾವ ಗಂಡಸು ಬಾಯಿ ಬಿಡುತ್ತಾನೆ? ಕ್ಯಾಶುವಾಲಿಟಿಯಲ್ಲಿ ಕೆಲಸ ಮಾಡುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಮನೆಯವರನ್ನು ಒಂದು ನಿಮಿಷ ಪರದೆಯ ಆಚೆ ಕಳಿಸಿ ಕೇಳಿ.

ಗುಟ್ಟಿನ ಬಗ್ಗೆ ಯೋಚಿಸುವಾಗೆಲ್ಲ ನನಗೆ ನೆನಪಾಗುವುದು ಜಪಾನಿನಲ್ಲಿ 1993ರಲ್ಲಿ ನಡೆದದ್ದು. ಆ ಸೆಪ್ಟೆಂಬರಿನಲ್ಲಿ ಸರ್ಪಸುತ್ತಿಗೆ ಸೊರಿವುಡಿನ್ ಎಂಬ ಹೊಸ ಮಾತ್ರೆ ಮಾರುಕಟ್ಟೆಗೆ ಬಂತು. ಕೆಲವೇ ವಾರಗಳಲ್ಲಿ 15 ಜನ ತೀರಿಕೊಂಡರು. ಅವರೆಲ್ಲ ಕ್ಯಾನ್ಸರಿಗೆ ಫ್ಲೋರೋಯುರಾಸಿಲ್ ಜಾತಿಯ ಮಾತ್ರೆ ನುಂಗುತ್ತಿದ್ದವರು. ಸೊರಿವುಡಿನ್ ಕರುಳಿನ ಬ್ಯಾಕ್ಟೀರಿಯಾಗಳಿಂದ ಇನ್ನೊಂದು ವಸ್ತುವಾಗಿ ಮಾರ್ಪಟ್ಟು, ಫ್ಲೋರೋಯುರಾಸಿಲ್ಲನ್ನು ಕರಗಿಸುವ ಕಿಣ್ವವನ್ನೇ ಕಟ್ಟಿಹಾಕುತ್ತಿತ್ತು. ಕ್ಯಾನ್ಸರ್ ಔಷಧ ದೇಹದಲ್ಲಿ ವಿಷದ ಮಟ್ಟಕ್ಕೆ ಏರಿ ರಕ್ತ ಕಣಗಳು ಕುಸಿದವು. ಎರಡನ್ನೂ ಜೊತೆಗೆ ಕೊಡಬಾರದೆಂಬ ಮಾತು ಔಷಧದ ಜೊತೆಗಿನ ಕಾಗದದಲ್ಲಿ ಇತ್ತು. ಆದರೆ ಆ ಕಾಲದ ಜಪಾನಿನಲ್ಲಿ ಕ್ಯಾನ್ಸರ್ ಎಂಬುದನ್ನು ರೋಗಿಗೆ ಹೇಳದೆ ಮನೆಯವರಿಗಷ್ಟೇ ಹೇಳುವ ರೂಢಿ ಇತ್ತು. ತಾನು ನುಂಗುತ್ತಿರುವುದು ಏನೆಂದೇ ತಿಳಿಯದವರು ಚರ್ಮದ ಡಾಕ್ಟರಿಗೆ ಏನು ಹೇಳಿಯಾರು?

ಇದನ್ನು ಓದಿದಾಗ ನನಗೆ ನಮ್ಮ ಊರಿನ ಬಿಳಿ ಪುಡಿ ನೆನಪಾಯಿತು. ಗಂಡನಿಗೆ ಕುಡಿತ ಬಿಡಿಸಲು ಅನ್ನದಲ್ಲಿ ಕಲಸಿ ಕೊಡುತ್ತಾರಲ್ಲ, ಅದು. ಬಹಳ ಸಲ ಅದು ಡೈಸಲ್ಫಿರಾಮ್ ಮಾತ್ರೆಯನ್ನು ಅರೆದದ್ದು. ನೊಂದ ಹೆಂಗಸರು ಬಂದು ಕೇಳುತ್ತಾರೆ, ಅವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೂ ಕೊಡುವುದಿಲ್ಲ. ಅವನು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಬಿಪಿ ಇಳಿದು ಬೀಳುತ್ತಾನೆ. ಕೊನೆಯ ಡೋಸಾಗಿ ಎರಡು ವಾರದವರೆಗೂ ಹೀಗಾಗಬಹುದು. ಅರಿಷ್ಟಗಳಲ್ಲೂ ಆಲ್ಕೋಹಾಲ್ ಇದೆ, ಕೆಲವು ಕೆಮ್ಮಿನ ಸಿರಪ್ಪುಗಳಲ್ಲೂ ಇದೆ. ಭೇದಿಗೆಂದು ಯಾರೋ ಮೆಟ್ರೊನಿಡಜೋಲ್ ಕೊಟ್ಟರೆ ಡೈಸಲ್ಫಿರಾಮ್ ಜೊತೆ ಸೇರಿ ತಲೆ ಕೆಟ್ಟಂತೆ ಗೊಂದಲಕ್ಕೆ ಬೀಳಬಹುದು. ಆಸ್ಪತ್ರೆಯಲ್ಲಿ ಏನು ಮಾತ್ರೆ ತಗೋತೀಯಪ್ಪ ಎಂದರೆ ಅವನು "ಏನೂ ಇಲ್ಲ" ಎನ್ನುತ್ತಾನೆ, ಮತ್ತು ಅವನ ಪಾಲಿಗೆ ಅದು ನಿಜ. ನಿಮ್ಮ ತಾಯಿಗೆ ತಾನು ಏನು ನುಂಗುತ್ತಿದ್ದೇನೆಂದು ಗೊತ್ತಿದೆ. ಅದು ಎಷ್ಟು ದೊಡ್ಡ ಆಸರೆ ಎಂದು ತೋರಿಸಲು ಇಷ್ಟು ಹೇಳಿದೆ. ಪಟ್ಟಿ ಅವರ ಕೈಯಲ್ಲೇ ಇರಲಿ, ನಿಮ್ಮ ಕೈಯಲ್ಲಿ ಮಾತ್ರವಲ್ಲ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಬಹುಪಾಲು ರೋಗಿಗಳಿಗೆ ನಾನು ಹೇಳುವುದು, ಕಾಯಿಲೆ ಹೇಳಬೇಡಿ, ಮಾತ್ರೆಯ ಹೆಸರು ಹೇಳಿ ಸಾಕು ಎಂದು. ಮಾತ್ರೆಗೆ ಮಾತ್ರೆ ಆಗಿಬರುತ್ತದೋ ಇಲ್ಲವೋ ನೋಡಲು ಕಾಯಿಲೆಯ ಚರಿತ್ರೆ ಬೇಕಿಲ್ಲ. ಆದರೆ ಲಿಥಿಯಂ ಹೆಸರು ಹೇಳಿದರೆ ಕಾಯಿಲೆ ಯಾವುದೆಂದು ಡಾಕ್ಟರಿಗೆ ತಿಳಿದೇ ತಿಳಿಯುತ್ತದೆ. ಎಚ್‌ಐವಿ ಮಾತ್ರೆಯದೂ ಇದೇ ಕಥೆ. ಅದಕ್ಕೆ ಅಂಥವರಿಗೆ ನಾನು ಸೂಚಿಸುವುದು 'ಬೇಡ ಚೀಟಿ'. ಹೆಸರು ನಾನಿಟ್ಟದ್ದು, ಯಾವ ಸರ್ಕಾರಿ ನಮೂನೆಯೂ ಅಲ್ಲ. ನಿಮ್ಮ ಮನೋವೈದ್ಯರನ್ನು ಕೇಳಿ, ಅವರ ಲೆಟರ್‌ಹೆಡ್ಡಿನಲ್ಲಿ ಬೇಡ, ಖಾಲಿ ಹಾಳೆಯಲ್ಲಿ ಹೆಸರು, ನೋಂದಣಿ ಸಂಖ್ಯೆ, ಸಹಿ ಹಾಕಿ ಮೂರು ಸಾಲು ಬರೆದುಕೊಡಲಿ: ಇವರು ಮೂತ್ರಪಿಂಡದ ಮೂಲಕ ಹೊರಹೋಗುವ, ಮಟ್ಟ ಏರಿದರೆ ಅಪಾಯವಾಗುವ ಔಷಧ ತೆಗೆದುಕೊಳ್ಳುತ್ತಿದ್ದಾರೆ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಡೈಕ್ಲೋಫೆನಾಕ್ ಜಾತಿಯ ಉರಿಯೂತ ಇಳಿಸುವ ಮಾತ್ರೆ, ಇಂಜೆಕ್ಷನ್ ಬೇಡ. ನೀರಿಳಿಸುವ ಮಾತ್ರೆ, ಪ್ರಿಲ್ ಮತ್ತು ಸಾರ್ಟಾನ್ ಗುಂಪು ನನ್ನನ್ನು ಕೇಳದೆ ಬೇಡ. ಬಿಪಿ ಮಾತ್ರೆಯನ್ನು ಅವರೇ ಆರಿಸಿ ಬರೆದರೆ ಇನ್ನೂ ಒಳ್ಳೆಯದು, ನೀವು ಊರಿನಲ್ಲಿ ಬಿಪಿ ನೋಡಿಸಿಕೊಳ್ಳುವುದಷ್ಟೇ ಉಳಿಯುತ್ತದೆ. ಈ ಚೀಟಿ ನೋಡಿದ ಊರಿನ ಡಾಕ್ಟರಿಗೆ ತಪ್ಪಿಸಬೇಕಾದದ್ದು ತಿಳಿಯುತ್ತದೆ, ಯಾಕೆಂಬುದನ್ನು ಚೀಟಿ ಹೇಳುವುದಿಲ್ಲ.

ಇದಕ್ಕೂ ಮಿತಿ ಇದೆ. ಶಸ್ತ್ರಚಿಕಿತ್ಸೆ ಎಂದಾದರೆ ಅರಿವಳಿಕೆ ಡಾಕ್ಟರಿಗೆ ಪೂರ್ತಿ ಪಟ್ಟಿ ಹೇಳಲೇಬೇಕು, ಒಂದೂ ಬಿಡದೆ. ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದರೂ ಹಾಗೆಯೇ. ಅದಕ್ಕೆ ಪೂರ್ತಿ ಪಟ್ಟಿಯನ್ನು ಒಂದು ಲಕೋಟೆಯಲ್ಲಿ ಹಾಕಿ ಅಂಟಿಸಿ, ಮೇಲೆ 'ತುರ್ತಿಗೆ' ಎಂದು ಬರೆದು ತಾಯಿಯ ಪರ್ಸಿನಲ್ಲಿ ಇಡಿ. ನೆಂಟರಿಗೆ ಹೇಳದ್ದನ್ನು ಪರಿಚಯವಿಲ್ಲದ ಡಾಕ್ಟರಿಗೆ ಹೇಳಲು ಅಷ್ಟು ಕಷ್ಟವಾಗುವುದಿಲ್ಲ ಎಂಬುದೂ ನಾನು ಕಂಡದ್ದೇ. ಮೊಣಕಾಲಿಗೆ ಜಿಲ್ಲಾ ಕೇಂದ್ರದಲ್ಲೇ, ಮನೋವೈದ್ಯರಿಗೆ ತೋರಿಸುವ ದಿನವೇ ಮೂಳೆ ಡಾಕ್ಟರಿಗೂ ತೋರಿಸಿದರೆ ಅರ್ಧ ಚಿಂತೆ ಕಳೆಯುತ್ತದೆ. ಅಲ್ಲಿ ಮುಚ್ಚುಮರೆ ಬೇಡ.

ಮಾತ್ರೆ ಕೊಳ್ಳುವುದನ್ನೂ ಅಲ್ಲಿಯೇ ಒಂದು ಅಂಗಡಿಗೆ ಕಟ್ಟಿಹಾಕಿ. ಬಿಪಿ, ಮೊಣಕಾಲು, ಲಿಥಿಯಂ, ಕ್ಯಾಲ್ಸಿಯಂ, ಗ್ಯಾಸ್ ಮಾತ್ರೆ ಎಲ್ಲವೂ ಒಬ್ಬ ಫಾರ್ಮಸಿಸ್ಟಿನ ಕಣ್ಣಿಗೆ ಬೀಳಲಿ. ಗುಟ್ಟಿಗೆಂದು ಮೂರು ಅಂಗಡಿಗೆ ಹಂಚುವವರೇ ಹೆಚ್ಚು, ಆಗ ಯಾರೊಬ್ಬರಿಗೂ ಪೂರ್ತಿ ಚಿತ್ರ ಸಿಗುವುದಿಲ್ಲ. ಎಚ್‌ಐವಿಗೆ ಕೊಡುವ ಡಾಲ್ಯುಟೆಗ್ರಾವಿರನ್ನು ಒಂದು ಕಡೆ ತಂದು, ಗ್ಯಾಸಿನ ಔಷಧ, ಕಬ್ಬಿಣದ ಮಾತ್ರೆಯನ್ನು ಇನ್ನೊಂದು ಕಡೆ ಕೊಂಡು ಬರಿಹೊಟ್ಟೆಯಲ್ಲಿ ಒಟ್ಟಿಗೆ ನುಂಗಿದರೆ, ಆ ಔಷಧ ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ಹೊತ್ತು ಬದಲಿಸಿದರೆ ಸರಿಹೋಗುವ ವಿಷಯ, ಹೇಳುವವರು ಇಲ್ಲದೆ ಕೆಡುತ್ತದೆ. ಸ್ಟ್ರಿಪ್ ಕತ್ತರಿಸಿ ಕೊಡಿಸಿಕೊಂಡರೆ ಹೆಸರಿರುವ ತುಂಡನ್ನು ಉಳಿಸಿಕೊಳ್ಳಿ. ಚೀಟಿಯ ಫೋಟೋವನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಗುಟ್ಟು ಸೋರುವುದು ಡಾಕ್ಟರಿಂದಲೇ ಎಂದು ಎಲ್ಲರೂ ಹೆದರುತ್ತಾರೆ, ನಾನು ನೋಡಿದ ಹೆಚ್ಚಿನ ಸೋರಿಕೆ ಮನೆಯವರ ಫೋನಿನಿಂದಲೇ ಆದದ್ದು.

ಕಾನೂನು ನಿಮ್ಮ ತಾಯಿಯ ಕಡೆಗೇ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಹೇಳಿದ್ದು ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಅರ್ಜಿಯಲ್ಲಿ, ಅವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದವರು. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್, ಮಾನಸಿಕ ಕಾಯಿಲೆ ಇರುವವರ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು ಎನ್ನುತ್ತದೆ. ಚಿಕಿತ್ಸೆಗೆ ಬೇಕಾದಷ್ಟನ್ನು ಇನ್ನೊಬ್ಬ ವೈದ್ಯರಿಗೆ ತಿಳಿಸಲು ಅದೇ ಸೆಕ್ಷನ್ ಅವಕಾಶ ಕೊಟ್ಟಿದೆ. ಆದ್ದರಿಂದ ನಿಮ್ಮ ಮನೋವೈದ್ಯರು ಮೂಳೆ ಡಾಕ್ಟರಿಗೆ ನೇರವಾಗಿ ಫೋನ್ ಮಾಡಬಹುದು, ಕೇಳಿಕೊಳ್ಳಿ. ಫಾರ್ಮಸಿಸ್ಟರಾದ ನಮಗೂ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಯ ಗುಟ್ಟು ಕಾಯುವ ಕರ್ತವ್ಯ ಹೊರಿಸಿವೆ. ಹಾಗೆಂದು ನಿಮ್ಮ ಬೀದಿಯ ಹುಡುಗನ ಬಾಯಿಗೆ ಕಾನೂನು ಬೀಗ ಹಾಕುತ್ತದೆ ಎಂದು ನಾನು ಹೇಳಲಾರೆ. ಕೌಂಟರಿನಲ್ಲಿ ನಿಲ್ಲುವ ಎಲ್ಲರೂ ನೋಂದಾಯಿತ ಫಾರ್ಮಸಿಸ್ಟರಲ್ಲ, ಅವರಿಗೆ ಈ ಪಾಠ ಯಾರೂ ಮಾಡಿರುವುದಿಲ್ಲ. ಅಂಗಡಿಯ ಯಜಮಾನರು ಮಾಡಬೇಕು. ನನ್ನ ಅಂಗಡಿಗೆ ಹೊಸ ಹುಡುಗ ಸೇರಿದರೆ, ಮಾತ್ರೆಯ ಹೆಸರನ್ನು ಕೂಗಿ ಕೇಳಬಾರದು ಎಂಬುದನ್ನು ಬಿಲ್ ಹಾಕುವುದಕ್ಕಿಂತ ಮೊದಲು ಕಲಿಸುತ್ತೇನೆ.

ಆರೋಗ್ಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಒಂದೆಡೆ ಜೋಡಿಸುವ ಸರ್ಕಾರದ ಆಭಾ ಕಾರ್ಡ್ ಬಗ್ಗೆಯೂ ಕೇಳಿದ್ದೀರಿ. 14 ಅಂಕಿಯ ಆ ಸಂಖ್ಯೆಗೆ ದಾಖಲೆ ಜೋಡಿಸಿದರೂ, ಬೇರೆ ಆಸ್ಪತ್ರೆ ಅದನ್ನು ನೋಡಬೇಕಾದರೆ ಒಪ್ಪಿಗೆ ಬೇಕು. ಯಾವ ದಾಖಲೆ, ಯಾವ ಅವಧಿಯದು, ಎಲ್ಲಿಯವರೆಗೆ ಎಂದು ಆ ಒಪ್ಪಿಗೆಯಲ್ಲೇ ಮಿತಿ ಹಾಕಬಹುದು. ವ್ಯವಸ್ಥೆ ಚೆನ್ನಾಗಿದೆ. ಆದರೆ ಒಟಿಪಿ ಯಾರ ಮೊಬೈಲಿಗೆ ಬರುತ್ತದೆ ನೋಡಿ. ನಮ್ಮ ಕಡೆ ಅಮ್ಮಂದಿರ ಆಭಾ ಮಗನ ಅಥವಾ ಅಳಿಯನ ನಂಬರಿಗೆ ಕಟ್ಟಿರುತ್ತದೆ, ಒಪ್ಪಿಗೆ ಕೊಡುವವರು ಅವರೇ ಆಗಿಬಿಡುತ್ತಾರೆ. ತಾಯಿಯದೇ ನಂಬರ್ ಹಾಕಿಸಿ. ಎಸ್ಟೋನಿಯಾದಲ್ಲಿ ರೋಗಿ ತನ್ನ ಆರೋಗ್ಯ ದಾಖಲೆಯನ್ನು ಯಾರು ಯಾವಾಗ ತೆರೆದು ನೋಡಿದರು ಎಂಬುದನ್ನು ತಾನೇ ನೋಡಬಹುದು. ಇಣುಕುವವರಿಗೆ ತಮ್ಮ ಗುರುತು ಉಳಿಯುತ್ತದೆ ಎಂಬ ಭಯ ಇದ್ದರೆ ರೋಗಿ ಧೈರ್ಯವಾಗಿ ಪೂರ್ತಿ ಪಟ್ಟಿ ಕೊಡುತ್ತಾನೆ. ನಮ್ಮ ಆಸ್ಪತ್ರೆಗಳ ಕಂಪ್ಯೂಟರುಗಳಲ್ಲಿ ನಾನು ಮೊದಲು ಕೇಳುವುದು ಇದನ್ನೇ.

ಒಂದು ವೇಳೆ ಈಗಾಗಲೇ ನೋವಿನ ಮಾತ್ರೆಯಿಂದ ತೊಂದರೆ ಆಗಿದ್ದರೆ, ಅದನ್ನು ವರದಿ ಮಾಡಲೂ ಹೆದರಬೇಡಿ. ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮದ ಸಹಾಯವಾಣಿ 1800-180-3024. ಡಾಕ್ಟರೋ ಫಾರ್ಮಸಿಸ್ಟೋ ತುಂಬುವ ಆ ನಮೂನೆಯಲ್ಲಿ ರೋಗಿಯ ಪೂರ್ತಿ ಹೆಸರಿಗೆ ಜಾಗವೇ ಇಲ್ಲ, ಇನಿಷಿಯಲ್ ಮಾತ್ರ. ಅದನ್ನು ಮೊದಲ ಸಲ ತುಂಬಿದ ದಿನ, ಇಷ್ಟು ಸರಳವಾಗಿ ಯೋಚಿಸಿದವರು ಯಾರೋ ಎಂದು ಮನಸ್ಸಿನಲ್ಲೇ ಕೈಮುಗಿದಿದ್ದೆ.

ಮುಂದಿನ ಭೇಟಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಕಷಾಯ, ಚೂರ್ಣ, ಹಚ್ಚುವ ಜೆಲ್ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಲಿಥಿಯಂ ಮಟ್ಟದ ಜೊತೆಗೆ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಕೇಳಿ, ಹೊಸ ಬಿಪಿ ಮಾತ್ರೆ ಶುರುವಾದ ಮೇಲೆ ಇನ್ನೊಮ್ಮೆ ಯಾವಾಗ ಮಾಡಿಸಬೇಕು ಎಂದೂ ಬರೆಸಿಕೊಳ್ಳಿ. ರಕ್ತ ಕೊಡುವುದು ರಾತ್ರಿಯ ಲಿಥಿಯಂ ಮಾತ್ರೆಯಾಗಿ ಸರಿಯಾಗಿ 12 ಗಂಟೆಗೆ. ಬೆಳಗಿನ ಡೋಸ್ ಇದ್ದರೆ ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಲಿ, ಇಲ್ಲವಾದರೆ ಅಂಕಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಮೊದಲ ಬಸ್ಸಿಗೆ ಹೊರಡುವುದಾದರೆ ಹಿಂದಿನ ರಾತ್ರಿ ಮಾತ್ರೆ ನುಂಗಿದ ಹೊತ್ತನ್ನು ಅಂಗೈ ಮೇಲಾದರೂ ಬರೆದುಕೊಳ್ಳಿ.